ಡಮಾಮಿಯ ಊರು ಯಾವುದು?

ನಮ್ಮ ಉತ್ಸವಗಳ ಧ್ವನಿವರ್ಧಕಕ್ಕೆ ಒಂದು ಚಾಳಿ ಹತ್ತಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು ಡಮಾಮಿ ಬಾರಿಸುತ್ತ ಮೆರವಣಿಗೆಯಲ್ಲಿ ಬಂದರೆ ಸಾಕು, ಅದು ‘ಆಫ್ರಿಕದ ವಾದ್ಯ’ ಎಂದು ಕೂಗಿಬಿಡುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ, ಪಟ ತೆಗೆಯುವವರು ಮುನ್ನುಗ್ಗುತ್ತಾರೆ, ಐದು ನಿಮಿಷದಲ್ಲಿ ತಂಡ ಮುಂದೆ ಸಾಗಬೇಕಾಗುತ್ತದೆ. ಈ ಕೂಗಿನಲ್ಲಿ ಅಜ್ಞಾನವಿದೆ. ಅದಕ್ಕಿಂತ ಮಿಗಿಲಾಗಿ ಅನ್ಯಾಯವಿದೆ.

ಯಲ್ಲಾಪುರದಿಂದ ಹುಬ್ಬಳ್ಳಿ, ಗದಗ, ಕೊಪ್ಪಳಗಳನ್ನು ಹಾಯ್ದು ಹೊಸಪೇಟೆಗೆ ಹೋಗುವ ದಾರಿ ನಮ್ಮ ಗಿಣಿಗೇರಾದ ಮಗ್ಗುಲಲ್ಲೇ ಸಾಗುತ್ತದೆ. ಹಂಪಿಗೋ ಆನೆಗೊಂದಿಗೋ ಹೊರಟ ಸಿದ್ದಿ ಕಲಾವಿದ ಒಂದೇ ಹಗಲಿನಲ್ಲಿ ಈ ದಾರಿ ಸವೆಸಬಲ್ಲ. ಕಡಲು ದಾಟಿ ಬಂದವರು ಅವನ ಹಿರಿಯರು; ಅವರೂ ತಾವಾಗಿ ಬಂದವರಲ್ಲ. 16ನೆಯ ಶತಮಾನದಿಂದ ಪೋರ್ಚುಗೀಜರು ಆಫ್ರಿಕದ ಪೂರ್ವ ಕರಾವಳಿಯ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದು ಮಾರಿದರು. ತಪ್ಪಿಸಿಕೊಂಡವರೂ ಬಿಡುಗಡೆ ಪಡೆದವರೂ ಘಟ್ಟದ ಕಾಡುಗಳಲ್ಲಿ ನೆಲೆನಿಂತರು. ಅವರಲ್ಲಿ ಹಿಂದೂಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಬಹುಮಂದಿಯ ಮನೆಮಾತು ಕನ್ನಡ, ಮರಾಠಿ ಬೆರೆತ ಕೊಂಕಣಿ.

ಇನ್ನು ವಾದ್ಯದ ಹೆಸರನ್ನೇ ನೋಡಿ. ದಮಾಮ ಎಂದರೆ ಪಾರಸಿಯಲ್ಲಿ ದೊಡ್ಡ ನಗಾರಿ. ಆಫ್ರಿಕದ ನೆನಪು, ಪಾರಸಿಯ ಹೆಸರು, ಕೊಂಕಣಿಯ ಹಾಡು, ಕನ್ನಡನಾಡಿನ ಕಾಡು, ಇಷ್ಟೂ ಕೂಡಿದ ವಾದ್ಯವನ್ನು ಒಂದೇ ಮಾತಿನಲ್ಲಿ ಕಡಲಾಚೆಗೆ ಅಟ್ಟುವುದು ಯಾವ ನ್ಯಾಯ? ಆಫ್ರಿಕವಾದರೂ ಒಂದು ಊರೆ? ಐವತ್ತಕ್ಕೂ ಹೆಚ್ಚು ದೇಶಗಳ ಖಂಡ ಅದು. ನಮ್ಮ ಬೀರಪ್ಪನ ಗುಡಿಯ ಡೊಳ್ಳನ್ನು ಪರದೇಶದವರು ‘ಏಷ್ಯಾದ ವಾದ್ಯ’ ಎಂದು ಸಾರಿದರೆ ನಾವು ಒಪ್ಪುತ್ತೇವೆಯೆ?

ಸಿದ್ದಿಗಳೇ ತಮ್ಮ ಮೂಲವನ್ನು ಹೆಮ್ಮೆಯಿಂದ ಹೇಳಿಕೊಳ್ಳುವಾಗ ನಿಮ್ಮದೇನು ತಕರಾರು ಎಂದು ಕೇಳುವವರುಂಟು. ತನ್ನ ಮೂಲವನ್ನು ತಾನು ನೆನೆಯುವುದು ಬೇರೆ. ಪರರು ಅದನ್ನು ಹೆಗಲಿಗೆ ನೊಗದಂತೆ ಹೇರುವುದು ಬೇರೆ. ಮಂಚಿಕೇರಿಯ ಸಿದ್ದಿಗಳು ಚಿನುವಾ ಅಚಿಬೆಯ ಕಾದಂಬರಿಯನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿದರು. ಅಲ್ಲಿ ಆಫ್ರಿಕವೂ ಇತ್ತು, ಸಿದ್ದಿಗಳ ಬಾಯಲ್ಲಿ ಮಾತೂ ಇತ್ತು. ಮೆರವಣಿಗೆಯಲ್ಲಿ ನಾವು ಅವರ ಮೈಯನ್ನು ನೋಡುತ್ತೇವೆ, ಮಾತನ್ನು ಕೇಳುವುದಿಲ್ಲ.

ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಸರಕಾರದ ಕಾಗದ ತಡವಾಗಿಯಾದರೂ ಅವರನ್ನು ಕರ್ನಾಟಕದವರೆಂದು ಬರೆದುಕೊಂಡಿತು. ಉತ್ಸವದ ಬಾಯಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈ ಪಾಡು ಸಿದ್ದಿಗಳೊಬ್ಬರದೇ ಎಂದು ಸಮಾಧಾನಪಡಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಹಲಗೆಯ ಸದ್ದು ಜಾತ್ರೆಗೂ ಬೇಕು, ಹೆಣದ ಮುಂದೆಯೂ ಬೇಕು. ಅದನ್ನು ಬಾರಿಸುವವನನ್ನು ಪಡಸಾಲೆಗೆ ಕರೆದು ಕೂರಿಸಿದ ಮನೆಗಳೆಷ್ಟು? ನಾದ ಬೇಕು, ನಾದ ಹೊರಡಿಸುವ ಕೈ ಬೇಡ. ಈ ಹಳೆಯ ರೂಢಿಯೇ ಸಿದ್ದಿಗಳ ವಿಷಯದಲ್ಲಿ ‘ಆಫ್ರಿಕ’ ಎಂಬ ಅಂದದ ಹೆಸರಿಟ್ಟುಕೊಂಡಿದೆ. ಹಲಗೆಯವನು ಊರ ಹೊರಗೆ, ಡಮಾಮಿಯವನು ಖಂಡದ ಹೊರಗೆ!

ಉತ್ಸವ ನಡೆಸುವ ಮಹನೀಯರಿಗೆ ಇದನ್ನು ತಿದ್ದುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಬಾರಿಸುವವನ ಹೆಸರನ್ನೂ ಊರನ್ನೂ ಮೊದಲು ಸಾರಲಿ. ಡಮಾಮಿಗೆ ವೇದಿಕೆಯ ಮೇಲೆ ಅರ್ಧ ತಾಸು ಕೊಡಲಿ. ಹೆಂಗಸರ ಫುಗಡಿಗೂ ಅಲ್ಲಿ ಎಡೆಯಿರಲಿ. ಹಾಡಿನ ಅರ್ಥವನ್ನು ಹಾಡಿದವರೇ ಕನ್ನಡದಲ್ಲಿ ಹೇಳಲಿ. ಉಡುಪು ಯಾವುದೆಂದು ತಂಡವೇ ತೀರ್ಮಾನಿಸಲಿ. ಸಂಭಾವನೆ ಅದೇ ದಿನ ಕೈಸೇರಲಿ. ಇಷ್ಟೂ ಆಗದಿದ್ದರೆ ಅವರನ್ನು ಕರೆಯದಿರುವುದೇ ಮರ್ಯಾದೆ.