ಉರೂಸಿಗೆ ಈ ವಿನಾಯಿತಿ ಬೇಡ

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ಹೊರಗೆ ಸಾವು ಸಂಭವಿಸಿದ್ದರೂ ಒಳಗೆ ವಿಜಯೋತ್ಸವ ನಡೆಯಿತು. ಅನಂತರ ಅಧಿಕಾರಿಗಳ ಅಮಾನತು, ವಿಚಾರಣಾ ಆಯೋಗ, ಪರಸ್ಪರ ದೋಷಾರೋಪ ಎಲ್ಲವೂ ಆದವು. ಅದೇ ತಿಂಗಳು ಸರಕಾರ ಜನಸಂದಣಿ ನಿಯಂತ್ರಣ ಮಸೂದೆಯ ಕರಡನ್ನು ಸಿದ್ಧಪಡಿಸಿತು. ಆದರೆ ಜಾತ್ರೆ, ರಥೋತ್ಸವ, ಉರೂಸ್‌ಗಳನ್ನು ಆ ಕರಡಿನ ವ್ಯಾಪ್ತಿಯಿಂದ ಹೊರಗಿಡಲಾಗಿತ್ತು. ಆಗಸ್ಟ್‌ನಲ್ಲಿ ಮಂಡನೆಯಾದ ಮಸೂದೆಯನ್ನು ಸದನ ಸಮಿತಿಗೆ ಒಪ್ಪಿಸಲಾಯಿತು.

ಕರಡಿನ ಈ ಔದಾರ್ಯವನ್ನು ನಾವು ಒಪ್ಪಲಾರೆವು. ಇದು ಧರ್ಮದ ಮೇಲಿನ ಗೌರವವಲ್ಲ, ಮತಗಳ ಲೆಕ್ಕಾಚಾರ. ಕ್ರಿಕೆಟ್ ಅಭಿಮಾನಿಯ ಪ್ರಾಣಕ್ಕೆ ಕಾನೂನಿನ ರಕ್ಷಣೆ ಬೇಕು, ಕವ್ವಾಲಿ ಕೇಳಲು ಬಂದವನ ಪ್ರಾಣಕ್ಕೆ ಬೇಡವೇ?

ನಮ್ಮ ರಾಜ್ಯಕ್ಕೆ ಈ ಪಾಠ ಹೊಸತಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 92 ಮಂದಿ ಅಸುನೀಗಿದರು. ಅವರಲ್ಲಿ ಬಹುಪಾಲು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನರ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ 62 ಮಂದಿ ಬೆಂಕಿಗೆ ಆಹುತಿಯಾದರು. ಟಿಪ್ಪುವಿನ ಹೆಸರಿನಲ್ಲಿ ವರ್ಷವರ್ಷವೂ ವಾಗ್ವಾದಕ್ಕಿಳಿಯುವವರಲ್ಲಿ ಎಷ್ಟು ಮಂದಿ ಆ 62 ಜೀವಗಳನ್ನು ನೆನೆಯುತ್ತಾರೆ? ಅನಾಹುತಕ್ಕೆ ಬೆಂಕಿಯೇ ಬೇಕೆಂದೂ ಇಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ಮಳೆ ಬಂತು, ಹೊರಗಿದ್ದವರು ಒಳಗೆ ನುಗ್ಗಿದರು. ಇಳಿಜಾರಿನ ಮೆಟ್ಟಿಲುಗಳ ಮೇಲೆ ನಾಲ್ವರು ಮೃತಪಟ್ಟರು.

ಇನ್ನು ಸಿಂಧನೂರು ತಾಲೂಕಿನ ಗೊರೇಬಾಳದಂತಹ ಊರುಗಳನ್ನು ನೋಡೋಣ. ಇಲ್ಲಿ ಕವ್ವಾಲಿಯಿರಲಿ, ನಾಟಕವಿರಲಿ, ಆರ್ಕೆಸ್ಟ್ರಾ ಇರಲಿ, ಬಟ್ಟೆಯ ಶಾಮಿಯಾನ, ನೆಲದಲ್ಲಿ ಹರಡಿದ ತಂತಿ, ಪಕ್ಕದಲ್ಲೇ ಜನರೇಟರ್ ಇದ್ದರೆ ಸಿದ್ಧತೆ ಮುಗಿಯಿತು. ಮಹಿಳೆಯರಿಗೆಂದು ಮೂರು ಕಡೆ ಪರದೆ ಕಟ್ಟಿ ಒಂದೇ ಓಣಿ ಬಿಟ್ಟರೆ ಮರ್ಯಾದೆ ಉಳಿಯಿತೆಂಬ ತೃಪ್ತಿ ಬೇರೆ! ಮಕ್ಕಳು ಮಲಗಿರುವುದು ಆ ಪರದೆಯೊಳಗೇ. ವಿದ್ಯುತ್ ಹೋಗಿ ಒಬ್ಬರು ಚೀರಿದರೆ ಆ ತಾಯಂದಿರು ಯಾವ ಕಡೆ ಓಡಬೇಕು? ಪರದೆಗೆ ಎರಡು ಕಡೆ ದಾರಿ ಬಿಟ್ಟರೆ ಯಾವ ಶರೀಅತ್ತಿಗೂ ಧಕ್ಕೆಯಿಲ್ಲ. ಜೀವರಕ್ಷಣೆಯು ಶರೀಅತ್ತಿನ ಮೂಲ ಉದ್ದೇಶಗಳಲ್ಲೊಂದು. ಒಂಟೆಯನ್ನು ಕಟ್ಟದೆ ತವಕ್ಕುಲ್ ಮಾಡುವುದನ್ನು ನಮಗಾರೂ ಕಲಿಸಿಲ್ಲ.

ವೇದಿಕೆಯ ಮೇಲಿನ ಗಣ್ಯರ ಕುರ್ಚಿಗಳಿಗೆ ಹೆಸರು ಬರೆಸುವ ಸಮಿತಿಗಳು, ಅಪಾಯದ ಹೊತ್ತಿನಲ್ಲಿ ಧ್ವನಿವರ್ಧಕ ಹಿಡಿದು ಕಾರ್ಯಕ್ರಮ ನಿಲ್ಲಿಸುವವರು ಯಾರೆಂಬುದನ್ನೂ ಮೊದಲೇ ಬರೆದಿಡಲಿ. ಆಂಬುಲೆನ್ಸ್ ಒಳಬರುವ ದಾರಿಯಲ್ಲಿ ಮಿಠಾಯಿ ಅಂಗಡಿಗಳಿಗೆ ಜಾಗ ಕೊಡದಿರಲಿ. ಮುಂದಿನ ಉರೂಸಿಗೆ ಚಂದಾ ಕೇಳಲು ಬಂದವರಿಗೆ ಹಣ ಕೊಡುವ ಮುನ್ನ ಮೈದಾನದ ನಕ್ಷೆಯನ್ನು ಕೇಳಿರಿ.