ಮೊಣಕೈಗೂ ಸ್ವಲ್ಪ ಸಡಿಲ ಕೊಡಿ!

ಗಾಲ್ಫ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಬಿಳಿ ಟೋಪಿ, ದೊಡ್ಡ ಕಾರು, ನಿವೃತ್ತ ಅಧಿಕಾರಿಗಳು, ಅಲ್ವಾ? ನನಗೂ ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಮಗನನ್ನು ಗಾಲ್ಫ್ ಕೋಚಿಂಗ್‌ಗೆ ಬಿಟ್ಟು, ಅವನು ಮುಗಿಸೋವರೆಗೆ ಬೆಂಚಿನ ಮೇಲೆ ಕೂತು ವಾರದ ತರಕಾರಿ ಲೆಕ್ಕ ಹಾಕುತ್ತಿದ್ದವಳು ನಾನು. ಒಂದು ದಿನ ಕೂತು ಕೂತು ಬೇಸರವಾಯ್ತು. ಒಂದು ಬುಟ್ಟಿ ಚೆಂಡಿಗೆ ದುಡ್ಡು ಕಟ್ಟಿ ನಾನೂ ಕ್ಲಬ್ ಹಿಡಿದೆ. ಮೊದಲ ಐದಾರು ಸಲ ಚೆಂಡು ಅಲ್ಲಾಡಲೇ ಇಲ್ಲ. ಏಳನೆಯದು ‘ಟಕ್’ ಅಂತ ಎದ್ದು ಹಾರಿತು ನೋಡಿ, ಅವತ್ತು ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ!

ಆದರೆ ಇವತ್ತು ಹೇಳಹೊರಟಿರೋದು ಆ ಖುಷಿಯ ಕತೆಯಲ್ಲ, ಮೊಣಕೈ ಕತೆ.

ರೇಂಜಿನಲ್ಲಿ ಕಲಿಸುತ್ತಿದ್ದವರು ಶುರುವಿನಿಂದಲೂ ಒಂದೇ ಮಂತ್ರ ಹೇಳುತ್ತಿದ್ದರು. “ಮೇಡಂ, ಎಡಗೈ ನೇರ. ಇನ್ನೂ ನೇರ!” ಜತೆಗೆ ಬಂದ ನಮ್ಮ ಯಜಮಾನರೂ ಹಿಂದಿನಿಂದ, “ಕೋಲಿನ ಥರ ಇರಬೇಕು ಕಣೇ” ಅನ್ನೋರು. ನಾವು ಹೆಣ್ಣುಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಮಾಡೋದರಲ್ಲಿ ಎತ್ತಿದ ಕೈ. ಹಲ್ಲು ಕಚ್ಚಿ ಮೊಣಕೈಯನ್ನು ಬೀಗ ಹಾಕಿದ ಹಾಗೆ ಬಿಗಿ ಮಾಡಿಕೊಂಡೆ. ಮೂರನೇ ತಿಂಗಳಿಗೆ ಎಡ ಮೊಣಕೈ ಹೊರಭಾಗದಲ್ಲಿ ನೋವು ಶುರುವಾಯ್ತು. ಹಾಲಿನ ಪಾತ್ರೆ ಎತ್ತೋಕಾಗದು, ಚಪಾತಿ ಲಟ್ಟಿಸೋಕಾಗದು, ಬಟ್ಟೆ ಹಿಂಡಿದರೆ ಜೀವ ಹೋದ ಹಾಗೆ.

ಡಾಕ್ಟರು ಒತ್ತಿ ನೋಡಿ, “ಇದು ಟೆನ್ನಿಸ್ ಎಲ್ಬೋ” ಅಂದರು. “ನಾನು ಟೆನ್ನಿಸ್ ಆಡಲ್ಲ ಡಾಕ್ಟ್ರೇ, ಗಾಲ್ಫ್” ಅಂದೆ. ಅವರು ನಕ್ಕರು. ಮೊಣಕೈ ಹೊರಭಾಗದ ಸ್ನಾಯುರಜ್ಜು ನೊಂದರೆ ಟೆನ್ನಿಸ್ ಎಲ್ಬೋ, ಒಳಭಾಗದ್ದು ನೊಂದರೆ ಗಾಲ್ಫರ್ಸ್ ಎಲ್ಬೋ ಅಂತ ಹೆಸರು. ಗಾಲ್ಫ್ ಆಡೋರಿಗೆ ಎರಡೂ ಬರುತ್ತೆ. ರ‍್ಯಾಕೆಟ್ಟನ್ನೇ ಮುಟ್ಟದೆ ಬಟ್ಟೆ ಹಿಂಡುವವರಿಗೂ ಬರುತ್ತೆ.

ಮನೆಯಲ್ಲಿ ತೀರ್ಪು ಕೂಡಲೇ ಬಂತು. “ಈ ವಯಸ್ಸಲ್ಲಿ ಆಟ ಬೇಕಿತ್ತಾ? ಬಿಟ್ಟುಬಿಡು.” ಗಮನಿಸಿ, ಒಬ್ಬರೂ “ಬೆಡ್‌ಶೀಟ್ ಹಿಂಡೋದು ಬಿಡು” ಅನ್ನಲಿಲ್ಲ! ವಾರಕ್ಕೆ ಒಂದು ಗಂಟೆಯ ಆಟ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ದಿನಾ ಅದೇ ಮೊಣಕೈ ಮಾಡೋ ಕೆಲಸ ಯಾರ ಲೆಕ್ಕಕ್ಕೂ ಬರಲಿಲ್ಲ.

ಒಂದೂವರೆ ತಿಂಗಳು ಆಟ ನಿಲ್ಲಿಸಿದೆ, ಫಿಸಿಯೋಥೆರಪಿ ಮಾಡಿಸಿದೆ. ಬಟ್ಟೆ ಹಿಂಡೋದನ್ನು ಯಜಮಾನರಿಗೆ ವಹಿಸಿದೆ. ಆ ಬಿಡುವಿನಲ್ಲಿ ಕೂತು ಓದಿದಾಗ ಗೊತ್ತಾಯ್ತು, ತಪ್ಪು ಆಟದ್ದಲ್ಲ. ಚೆಂಡು ಹೊಡೆಯೋದಕ್ಕೆ ಮೊದಲು ನಾನು ಕೈ ಇಟ್ಟುಕೊಳ್ಳುತ್ತಿದ್ದ ರೀತಿಯೇ ತಪ್ಪು.

ನಮ್ಮ ಕೈ ನಮ್ಮದೇ ಥರ

ಒಂದು ನಿಮಿಷ ಕನ್ನಡಿ ಮುಂದೆ ನಿಂತು, ಅಂಗೈ ಮುಂದಕ್ಕೆ ಬರುವ ಹಾಗೆ ಕೈ ಇಳಿಬಿಡಿ. ಮೊಣಕೈಯಿಂದ ಕೆಳಗಿನ ಭಾಗ ಸ್ವಲ್ಪ ಹೊರಕ್ಕೆ ವಾಲುತ್ತೆ ಅಲ್ವಾ? ಈ ವಾಲು ಸಾಮಾನ್ಯವಾಗಿ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಜತೆಗೆ ನಮ್ಮಲ್ಲಿ ಅನೇಕರ ಮೊಣಕೈ ನೇರವಾದ ಮೇಲೂ ಇನ್ನಷ್ಟು ಹಿಂದಕ್ಕೆ ಬಾಗುತ್ತೆ. ಅಂಥವರಿಗೆ “ಇನ್ನೂ ನೇರ” ಅಂದರೆ ಏನಾಗುತ್ತೆ? ಕೀಲು ತನ್ನ ಮಿತಿ ದಾಟಿ ಬಿಗಿಯುತ್ತೆ. ಕ್ಲಬ್ ನೆಲಕ್ಕೆ ಬಡಿದಾಗಿನ ಏಟು ಸೀದಾ ಅಲ್ಲಿಗೇ ಬರುತ್ತೆ.

ಎಡಗೈ ಚಾಚಿರಬೇಕು ಅನ್ನೋದು ಸುಳ್ಳಲ್ಲ. ಚಾಚಿದಷ್ಟೂ ಸ್ವಿಂಗಿನ ಸುತ್ತು ದೊಡ್ಡದಾಗುತ್ತೆ. ಆದರೆ ಚಾಚೋದು ಬೇರೆ, ಬಿಗಿಯೋದು ಬೇರೆ. ಮಗುವಿಗೆ ಕೈ ಚಾಚಿ “ಬಾ” ಅಂತೀವಲ್ಲ, ಆಗ ಯಾರಾದರೂ ಮೊಣಕೈ ಬಿಗಿ ಹಿಡೀತೀವಾ?

ಅಮೆರಿಕದ ಕ್ಯಾಲ್ವಿನ್ ಪೀಟ್ ಅವರ ಹೆಸರು ಕೇಳಿದ್ದೀರಾ? ಹುಡುಗನಾಗಿದ್ದಾಗ ಮರದಿಂದ ಬಿದ್ದು ಎಡ ಮೊಣಕೈ ಮುರಿದುಕೊಂಡರು. ಆ ಕೈ ಮತ್ತೆಂದೂ ಪೂರ್ತಿ ನೇರವಾಗಲಿಲ್ಲ. ಗಾಲ್ಫ್ ಶುರು ಮಾಡಿದ್ದೇ ಇಪ್ಪತ್ತು ದಾಟಿದ ಮೇಲೆ. ಅದೇ ಬಾಗಿದ ಕೈಯಲ್ಲಿ ಪಿಜಿಎ ಟೂರಿನ 12 ಪಂದ್ಯಾವಳಿ ಗೆದ್ದರು. 1981ರಿಂದ 1990ರವರೆಗೆ ಸತತ ಹತ್ತು ವರ್ಷ, ಮೊದಲ ಹೊಡೆತವನ್ನು ಗುರಿ ತಪ್ಪದೆ ಹೊಡೆಯೋದರಲ್ಲಿ ಆ ಟೂರಿಗೇ ಮೊದಲಿಗರು! ‘ಎಡಗೈ ಕೋಲಿನ ಥರ ಇರಲೇಬೇಕು’ ಅನ್ನೋರಿಗೆ ಇದಕ್ಕಿಂತ ಉತ್ತರ ಬೇಕಾ?

ರಂಗೋಲಿ ಹಾಕಿದ ಹಾಗೆ ನಿಲ್ಲಿ

ಹಾಗಾದರೆ ಕೈ ಹೇಗಿಡಬೇಕು? ಬಲಗೈ ಆಟಗಾರ್ತಿಯರಿಗೆ ಹೇಳುತ್ತಿದ್ದೇನೆ, ಎಡಗೈಯವರು ಅದಲುಬದಲು ಮಾಡಿಕೊಳ್ಳಿ. ಕ್ಲಬ್ ಇಲ್ಲದಿದ್ದರೆ ಮಗನ ಕ್ರಿಕೆಟ್ ಬ್ಯಾಟೂ ಆದೀತು, ಛತ್ರಿಯೂ ಆದೀತು.

* ಬಾಗಿಲ ಮುಂದೆ ನಿಂತುಕೊಂಡೇ ರಂಗೋಲಿ ಎಳೆಯುವಾಗ ಬಾಗ್ತೀವಲ್ಲ, ಹಾಗೆ ಸೊಂಟದ ಕೀಲಿನಿಂದ ಬಾಗಿ. ಬೆನ್ನು ಗೂನು ಮಾಡಬೇಡಿ, ಮಂಡಿ ಸ್ವಲ್ಪ ಸಡಿಲ ಇರಲಿ.

* ಕೈಗಳನ್ನು ಭುಜದಿಂದ ಸುಮ್ಮನೆ ಕೆಳಗೆ ಇಳಿಬಿಡಿ. ಅವು ಎಲ್ಲಿ ತೂಗಾಡುತ್ತವೋ ಅಲ್ಲೇ ಕ್ಲಬ್ ಹಿಡಿಯಿರಿ. ಚೆಂಡಿನ ಕಡೆ ಕೈ ಚಾಚಿಕೊಂಡು ಹೋಗಬೇಡಿ. ಕ್ಲಬ್ಬಿನ ತುದಿಗೂ ತೊಡೆಗೂ ನಡುವೆ ಒಂದು ಅಂಗೈ ಹಿಡಿಸುವಷ್ಟು ಜಾಗವಿದ್ದರೆ ಸರಿ. ಉದ್ದದ ಕ್ಲಬ್ಬಿಗೆ ಇನ್ನೂ ಸ್ವಲ್ಪ ಜಾಸ್ತಿ.

* ಹಿಡಿತದಲ್ಲಿ ಬಲಗೈ ಕೆಳಗಿರುತ್ತೆ. ಹಾಗಾಗಿ ಬಲಭುಜ ತಾನಾಗಿಯೇ ತುಸು ಕೆಳಗಿಳಿಯುತ್ತೆ. ಬಲ ಮೊಣಕೈಯನ್ನು ಸ್ವಲ್ಪ ಮಡಿಸಿ, ಮೆತ್ತಗೆ, ಬಲ ಸೊಂಟದ ಕಡೆ ಮುಖ ಮಾಡಿ ಇಡಿ. ಅದನ್ನು ನೆಟ್ಟಗೆ ಮಾಡಿದರೆ ಬಲಭುಜ ಮುಂದಕ್ಕೆ ಬಂದು, ಭುಜಗಳೆರಡೂ ಗುರಿಯ ಎಡಕ್ಕೆ ತಿರುಗುತ್ತವೆ. ಆಗ ಕ್ಲಬ್ ಹೊರಗಿನಿಂದ ಒಳಕ್ಕೆ ಬೀಸಿ, ಚೆಂಡು ಬಲಕ್ಕೆ ಬಾಳೆಹಣ್ಣಿನ ಹಾಗೆ ಬಾಗಿ ಹೋಗುತ್ತೆ. ‘ಸ್ಲೈಸ್’ ಅನ್ನೋದು ಇದನ್ನೇ. ನಮ್ಮಂಥ ಹೊಸಬರ ಮೊದಲ ಕಾಯಿಲೆ!

* ಎಡ ಮೊಣಕೈ ಗುರಿಯ ಕಡೆ ಹೊರಕ್ಕೆ ಚುಚ್ಚಿಕೊಂಡಿರಬಾರದು, ಎಡ ಸೊಂಟದ ಕಡೆ ನೋಡುತ್ತಿರಲಿ. ಕೈ ಚಾಚಿರಲಿ, ಬೀಗ ಮಾತ್ರ ಬೇಡ. ಎರಡೂ ಮೊಣಕೈ ಸೊಂಟದ ಮೂಳೆಗಳನ್ನು ತೋರಿಸಬೇಕು ಅಂತ ಬೆನ್ ಹೋಗನ್ 1957ರ ‘ಫೈವ್ ಲೆಸನ್ಸ್’ ಪುಸ್ತಕದಲ್ಲೇ ಬರೆದಿದ್ದಾರೆ.

* ಇನ್ನೊಂದು ವಿಷಯ. ಗಂಡಸು ಕೋಚ್‌ಗಳು ಹೇಳಲು ಮುಜುಗರಪಡುತ್ತಾರೆ, ನಾವು ಕೇಳಲು ನಾಚಿಕೊಳ್ಳುತ್ತೇವೆ. ಎದೆ ತುಂಬಿದವರಿಗೆ ಎರಡು ತೋಳನ್ನೂ ಎಲ್ಲಿಡಬೇಕು ಅಂತಲೇ ತಿಳಿಯಲ್ಲ. ಅಂಥವರು ಸೊಂಟದಿಂದ ಇನ್ನೂ ತುಸು ಬಾಗಿ, ಎಡತೋಳು ಎದೆಯ ಮೇಲಿಂದ ಬರಲಿ, ಬಲತೋಳು ಪಕ್ಕಕ್ಕಿರಲಿ. ಎಷ್ಟು ಸರಾಗ ಅನ್ನಿಸುತ್ತೆ ನೋಡಿ.

ಸರಿಯಾಗಿ ನಿಂತಿದ್ದೀರಾ ಅಂತ ತಿಳಿಯಲು ಸುಲಭದ ಪರೀಕ್ಷೆಯಿದೆ. ಯಾರಿಗಾದರೂ ಹೇಳಿ ಎರಡೂ ಮುಂಗೈಗಳಿಗೆ ತಾಗುವ ಹಾಗೆ ಇನ್ನೊಂದು ಕೋಲನ್ನು ಅಡ್ಡ ಹಿಡಿಸಿ. ಆ ಕೋಲು ಗುರಿಯ ದಿಕ್ಕಿಗೆ ಸಮಾನಾಂತರವಾಗಿದ್ದರೆ ನೀವು ಗೆದ್ದ ಹಾಗೆ. ಎಡಕ್ಕೆ ತೋರಿಸಿದರೆ ಬಲ ಮೊಣಕೈಯನ್ನು ಇನ್ನಷ್ಟು ಮಡಿಸಿ. ಹಿಡಿತವೂ ಅಷ್ಟೆ, ಬಿಗಿ ಬೇಡ. ಮುಷ್ಟಿ ಬಿಗಿದರೆ ಮುಂಗೈ ಬಿಗಿಯುತ್ತೆ, ಮುಂಗೈ ಬಿಗಿದರೆ ಮೊಣಕೈ ಬಿಗಿಯುತ್ತೆ. ಮತ್ತೆ ನೋವು ಕಾಣಿಸಿದರೆ ಸಹಿಸಿಕೊಂಡು ಆಡಬೇಡಿ, ಡಾಕ್ಟರಿಗೆ ತೋರಿಸಿ.

ಬಿಡೋದಕ್ಕೆ ಮುಂಚೆ ಒಮ್ಮೆ ಕೇಳಿ

ನನ್ನ ಅಭಿಪ್ರಾಯ ಇಷ್ಟೇ. ಕಲಿಸುವವರು “ನೇರ” ಅನ್ನೋದಕ್ಕೆ ಮೊದಲು ಎದುರಿಗೆ ನಿಂತವಳ ಕೈ ಹೇಗಿದೆ ಅಂತ ಒಮ್ಮೆ ನೋಡಬೇಕು. ಒಬ್ಬರ ಅಳತೆಗೆ ಹೊಲಿದ ರವಿಕೆ ಇನ್ನೊಬ್ಬರಿಗೆ ಕೂರುತ್ತಾ? ನಾವೂ ಅಷ್ಟೆ, ತೊಂದರೆ ಬಂದಾಗ “ಯಾಕೆ?” ಅಂತ ಬಾಯಿಬಿಟ್ಟು ಕೇಳಬೇಕು. ನಾನು ಮೊದಲ ದಿನವೇ “ಸಾರ್, ಹೀಗೆ ಹಿಡಿದರೆ ನೋಯ್ತಿದೆ” ಅಂದಿದ್ದರೆ ಆ ಒಂದೂವರೆ ತಿಂಗಳು ಉಳಿಯುತ್ತಿತ್ತು. ಸಹಿಸಿಕೊಂಡೆ. ಸಹಿಸಿಕೊಳ್ಳೋದೇ ಒಳ್ಳೆ ಹೆಣ್ಣಿನ ಲಕ್ಷಣ ಅಂತ ಬೆಳೆದವರಲ್ವಾ ನಾವು?

ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಳು, ಸ್ವಲ್ಪದರಲ್ಲಿ ಪದಕ ತಪ್ಪಿತು. ಅವತ್ತು ಅವಳ ಬ್ಯಾಗ್ ಹೊತ್ತು ಮೈದಾನವಿಡೀ ನಡೆದವರು ಯಾರು ಗೊತ್ತಾ? ಅವಳ ಅಮ್ಮ. ಟೀವಿಯಲ್ಲಿ ಅದನ್ನು ನೋಡಿ ಕಣ್ಣು ಒದ್ದೆಯಾಗಿತ್ತು. ಮಕ್ಕಳ ಬ್ಯಾಗ್ ನಾವೆಲ್ಲ ಹೊರುತ್ತೇವೆ, ಸಂತೋಷದಿಂದಲೇ ಹೊರುತ್ತೇವೆ. ವಾರಕ್ಕೊಂದು ಗಂಟೆ ನಮ್ಮ ಕ್ಲಬ್ ನಾವೇ ಹಿಡಿದರೆ ಯಾರ ಗಂಟು ಹೋಗುತ್ತೆ?

ನಾನೀಗ ಮತ್ತೆ ಹೋಗುತ್ತಿದ್ದೇನೆ. ಚೆಂಡು ಇನ್ನೂ ಹೇಳಿದ ಕಡೆ ಹೋಗಲ್ಲ, ಆದರೆ ಮೊಣಕೈ ನೋಯಲ್ಲ. ಬಟ್ಟೆ ಹಿಂಡೋ ಕೆಲಸ ಯಜಮಾನರ ಹತ್ತಿರವೇ ಉಳಿದಿದೆ. ಅವರಿಗೂ ಹೇಳಿದ್ದೇನೆ, “ಮೊಣಕೈ ಬಿಗಿ ಮಾಡಬೇಡಿ, ಸ್ವಲ್ಪ ಸಡಿಲ ಬಿಡಿ” ಅಂತ!