ಪ್ರಶ್ನೆಗೆ ಉತ್ತರ ಬೇಕು, ಉತ್ತರಕ್ಕೆ ಲೆಕ್ಕ ಬೇಕು



ಸರ್ಕಾರಿ ಎಂಜಿನಿಯರುಗಳ ಬದುಕಿನಲ್ಲಿ ಅಳತೆ ಪುಸ್ತಕ ಎಂಬುದೊಂದಿದೆ. ಇಲಾಖೆಯಲ್ಲಿ ಅದನ್ನು ಎಂ.ಬಿ. ಎನ್ನುತ್ತೇವೆ. ಎಷ್ಟು ಘನ ಮೀಟರ್ ಮಣ್ಣು ತೆಗೆದರು, ಎಷ್ಟು ಉದ್ದ ಗೋಡೆ ಕಟ್ಟಿದರು ಎಂಬುದನ್ನು ಸ್ಥಳಕ್ಕೇ ಹೋಗಿ ಅಳೆದು, ಅದರಲ್ಲಿ ಬರೆದು, ಸಹಿ ಮಾಡಬೇಕು. ಬರೆಯದ ಕೆಲಸಕ್ಕೆ ಬಿಲ್ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಅಧಿಕಾರಿಯೊಬ್ಬರು ಹೇಳಿದ ಮಾತು ಇಂದಿಗೂ ನೆನಪಿದೆ: "ಪುಸ್ತಕ ಖಾಲಿ ಇದೆ ಅಂದ್ರೆ ಅಲ್ಲಿ ಏನೂ ಆಗಿಲ್ಲ ಅಂತಲ್ಲಪ್ಪ, ನೀನು ಹೋಗಿ ನೋಡಿಲ್ಲ ಅಂತ."

ಕೋವಿಡ್ ಕಾಲದಲ್ಲಿ ನಮ್ಮ ಸಂಸದರು ಕೇಳಿದ ಪ್ರಶ್ನೆಗಳನ್ನೂ ಮಂತ್ರಿಗಳು ಕೊಟ್ಟ ಉತ್ತರಗಳನ್ನೂ ಈಚೆಗೆ ಒಂದೆಡೆ ಇಟ್ಟುಕೊಂಡು ಓದುವಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಪ್ರಾಣದ ವಿಚಾರದಲ್ಲಿಯೂ ಹಣದ ವಿಚಾರದಲ್ಲಿಯೂ ಒಂದೇ ಪಾಠ: ಯಾರಾದರೂ ಕೇಳಿದಾಗ ಮಾತ್ರ ಲೆಕ್ಕ ಹೊರಬರುತ್ತದೆ.

ಮೊದಲು ಪದ್ಧತಿಯನ್ನು ತಿಳಿಯೋಣ. ಸಾಮಾನ್ಯ ದಿನಗಳಲ್ಲಿ ಲೋಕಸಭೆಯ ಕಲಾಪದ ಮೊದಲ ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಸದಸ್ಯರು ಮುಂಚಿತವಾಗಿ ನೋಟಿಸ್ ಕೊಟ್ಟು ಪ್ರಶ್ನೆ ಸಲ್ಲಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದುನಿಂತು ಬಾಯಲ್ಲೇ ಉತ್ತರಿಸಬೇಕು. ದಿನಕ್ಕೆ ಇಂಥವು 20. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಎರಡಕ್ಕೂ ವ್ಯತ್ಯಾಸ ದೊಡ್ಡದು. ಬಾಯಿಮಾತಿನ ಉತ್ತರ ತೃಪ್ತಿ ಕೊಡದಿದ್ದರೆ ಸದಸ್ಯರು ಅಲ್ಲಿಯೇ ಉಪಪ್ರಶ್ನೆ ಕೇಳಬಹುದು. ಲಿಖಿತ ಉತ್ತರಕ್ಕೆ ಆ ಅವಕಾಶವಿಲ್ಲ. ಕಾಗದ ಬಂತು, ಮುಗಿಯಿತು.

2020ರ ಸೆಪ್ಟೆಂಬರ್ 14ರಂದು ಆರಂಭವಾದ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣ ನೀಡಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಶೂನ್ಯ ವೇಳೆಯನ್ನು ಅರ್ಧ ಗಂಟೆಗೆ ಇಳಿಸಲಾಯಿತು. ಲಿಖಿತ ಉತ್ತರ ಮಾತ್ರ ಉಳಿಯಿತು. ಅದರ ಪರಿಣಾಮ ಮೊದಲ ದಿನವೇ ಕಂಡಿತು. ಲಾಕ್‌ಡೌನ್ ಸಮಯದಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಕೊಟ್ಟಿದ್ದೀರಾ ಎಂದು ಲೋಕಸಭೆಯಲ್ಲಿ ಕೇಳಲಾಗಿತ್ತು. ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ಅಂಕಿಅಂಶ ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಊರಿಗೆ ಮರಳಿದವರು ಒಂದು ಕೋಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಎಂಬ ಲೆಕ್ಕ ಮಾತ್ರ ಅದೇ ಸಚಿವಾಲಯದ ಬಳಿ ಇತ್ತು. ಹೊರಟವರನ್ನು ಎಣಿಸಿದವರು ದಾರಿಯಲ್ಲಿ ಬಿದ್ದವರನ್ನು ಎಣಿಸಲಿಲ್ಲ. ಬದುಕಿದ್ದಾಗ ಈ ದೇಶದ ರಸ್ತೆ, ಅಣೆಕಟ್ಟು, ಕಟ್ಟಡಗಳನ್ನು ಕಟ್ಟಿದ ಕಾಯಕಜೀವಿಗಳು ಅವರು. ಅವರ ಸಾವಿಗೆ ಅಳತೆ ಪುಸ್ತಕದಲ್ಲಿ ಒಂದು ಸಾಲೂ ಸಿಗಲಿಲ್ಲ.

ಆದರೆ ಅದೇ ವಾರ ರಾಜ್ಯಸಭೆಯಲ್ಲಿ ಇನ್ನೊಂದು ಉತ್ತರ ಬಂತು. ಸದಸ್ಯ ಡೆರೆಕ್ ಒ'ಬ್ರಿಯಾನ್ ಅವರು ಶ್ರಮಿಕ್ ವಿಶೇಷ ರೈಲುಗಳಲ್ಲಿ ಆದ ಸಾವುಗಳ ಬಗ್ಗೆ ಕೇಳಿದ್ದರು. ಸೆಪ್ಟೆಂಬರ್ 9ರವರೆಗೆ 97 ಮಂದಿ ಪ್ರಯಾಣದ ವೇಳೆ ಸತ್ತಿದ್ದಾರೆ ಎಂದು ರೈಲ್ವೆ ಸಚಿವಾಲಯ ತಿಳಿಸಿತು. ಒಂದು ಇಲಾಖೆಯಲ್ಲಿ ಇಲ್ಲದ ಲೆಕ್ಕದ ಒಂದು ಭಾಗ ಇನ್ನೊಂದು ಇಲಾಖೆಯಲ್ಲಿತ್ತು. ಯಾವ ಕಪಾಟು ತೆರೆಯಬೇಕೆಂದು ತಿಳಿದವರು ಕೇಳಬೇಕಿತ್ತು, ಅಷ್ಟೆ. ಚೆನ್ನಾಗಿ ಕೇಳಿದ ಒಂದು ಪ್ರಶ್ನೆ ಹತ್ತು ಭಾಷಣಕ್ಕೆ ಸಮ ಎನ್ನುವುದು ಇದಕ್ಕೇ.

ಮರುವರ್ಷದ ಕಥೆ ನಮ್ಮ ಮನೆಬಾಗಿಲಿನದು. ಎರಡನೇ ಅಲೆಯಲ್ಲಿ ಆಮ್ಲಜನಕ ಸಿಗದೆ ರಸ್ತೆಗಳಲ್ಲಿ, ಆಸ್ಪತ್ರೆಗಳಲ್ಲಿ ಬಹಳ ಜನ ಸತ್ತದ್ದು ನಿಜವೇ ಎಂದು ಕೆ.ಸಿ. ವೇಣುಗೋಪಾಲ್ ಅವರು ರಾಜ್ಯಸಭೆಯಲ್ಲಿ ಕೇಳಿದರು. 2021ರ ಜುಲೈ 20ರಂದು ಆರೋಗ್ಯ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು. ಆರೋಗ್ಯ ರಾಜ್ಯಗಳ ವಿಷಯ, ಆಮ್ಲಜನಕದ ಕೊರತೆಯಿಂದ ಸಾವಾಗಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬುದು ಅದರ ಸಾರ. ಮೊದಲ ಅಲೆಯಲ್ಲಿ ದಿನಕ್ಕೆ 3,095 ಟನ್ ಇದ್ದ ಆಮ್ಲಜನಕದ ಗರಿಷ್ಠ ಬೇಡಿಕೆ ಎರಡನೇ ಅಲೆಯಲ್ಲಿ ಸುಮಾರು 9,000 ಟನ್ ಮುಟ್ಟಿತು ಎಂದು ಅದೇ ಉತ್ತರ ಒಪ್ಪಿಕೊಂಡಿತ್ತು. ಬೇಡಿಕೆ ಮೂರು ಪಟ್ಟಾದದ್ದು ದಾಖಲಾಯಿತು. ಕೊರತೆಯಿಂದ ಆದ ಸಾವು ದಾಖಲಾಗಲಿಲ್ಲ.

ಚಾಮರಾಜನಗರದ ಜನ ಈ ಉತ್ತರವನ್ನು ಹೇಗೆ ಓದಿರಬೇಕು? ಅದಕ್ಕೆ ಎರಡೂವರೆ ತಿಂಗಳು ಮೊದಲು, ಮೇ 2ರ ರಾತ್ರಿಯಿಂದ 3ರ ನಡುವೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತ ಸುದ್ದಿ ನಾಡನ್ನೇ ನಡುಗಿಸಿತ್ತು. ಹೈಕೋರ್ಟ್ ರಚಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ಸಮಿತಿ, ಆಮ್ಲಜನಕದ ಕೊರತೆಯೇ ಸಾವುಗಳಿಗೆ ಕಾರಣವೆಂದು ವರದಿ ಕೊಟ್ಟಿತ್ತು. ಹಾಗಾದರೆ ದೆಹಲಿಗೆ ಹೋದ ಲೆಕ್ಕದಲ್ಲಿ ಆ ಜೀವಗಳು ಎಲ್ಲಿ ಕಳೆದುಹೋದವು? ಇದು ಒಂದು ಪಕ್ಷದ ಮೇಲಿನ ಆರೋಪವಲ್ಲ. ಕೇಂದ್ರ ರಾಜ್ಯದ ಕಡೆ ಬೆರಳು ತೋರಿಸಿತು, ನಮೂನೆಯಲ್ಲಿ ಕಾಲಂ ಇಲ್ಲವೆಂದು ರಾಜ್ಯಗಳು ಸುಮ್ಮನಾದವು. ಇಬ್ಬರ ನಡುವೆ ಸತ್ತವರು ಯಾರ ಲೆಕ್ಕಕ್ಕೂ ಸೇರಲಿಲ್ಲ.

ಇನ್ನು ಹಣದ ವಿಚಾರ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು ಆರು ತಿಂಗಳಲ್ಲಿ ಕೇವಲ 1,000 ರೂಪಾಯಿ ತೆಗೆಯಬಹುದೆಂದು ಮೊದಲು ಹೇಳಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಸರದಿ ಬಂತು. ಅಲ್ಲಿ ಮಿತಿ 35,000 ರೂಪಾಯಿ. ನಿವೃತ್ತಿಯ ಹಣ, ಮಗಳ ಮದುವೆಗೆಂದು ಕೂಡಿಟ್ಟ ಹಣ ಒಂದೇ ರಾತ್ರಿಯಲ್ಲಿ ಕೈಗೆಟುಕದಂತಾಯಿತು.

ಆಗ ಜನ ಬೀದಿಗಿಳಿದರು. ಸಂಸತ್ತಿನಲ್ಲಿ ಸದಸ್ಯರು ಕೇಳಿದರು: ಠೇವಣಿಗೆ ವಿಮೆ ಎಷ್ಟು? 1993ರಿಂದ ಅದು ಒಂದು ಲಕ್ಷದಲ್ಲೇ ನಿಂತಿತ್ತು! 2020ರ ಫೆಬ್ರವರಿ 4ರಿಂದ ಅದು ಐದು ಲಕ್ಷವಾಯಿತು. ಅದೇ ಸೆಪ್ಟೆಂಬರ್ ಅಧಿವೇಶನದಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಬಂದು, 1,482 ಪಟ್ಟಣ ಸಹಕಾರಿ ಬ್ಯಾಂಕುಗಳು ಮತ್ತು 58 ಬಹುರಾಜ್ಯ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತ ಬಿಗಿಯಾಯಿತು. ಸುಮಾರು 8.6 ಕೋಟಿ ಠೇವಣಿದಾರರ ಹಣ ಅವುಗಳಲ್ಲಿತ್ತು. 2021ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದರೆ, ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗಿನ ಹಣವನ್ನು 90 ದಿನಗಳೊಳಗೆ ಠೇವಣಿದಾರನಿಗೆ ಕೊಡಬೇಕು. ಒಳ್ಳೆಯ ಕಾನೂನು. ಆದರೆ 27 ವರ್ಷ ಒಂದು ಲಕ್ಷದಲ್ಲೇ ನಿಂತದ್ದೇಕೆ? ಸಾಕಷ್ಟು ಗಟ್ಟಿಯಾಗಿ ಕೇಳಿದವರಿರಲಿಲ್ಲ ಎಂದೇ ನನ್ನ ಉತ್ತರ.

ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದಕ್ಕೆ ಹಳೆಯ ನಿದರ್ಶನವೂ ಇದೆ. 1957ರಲ್ಲಿ ಜೀವ ವಿಮಾ ನಿಗಮದ ಹಣ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಿಗೆ ಹೋದದ್ದನ್ನು ಲೋಕಸಭೆಯಲ್ಲಿ ಪಟ್ಟು ಹಿಡಿದು ಕೇಳಿದವರು ಫಿರೋಜ್ ಗಾಂಧಿ. ಅವರು ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಕೂಡ. ನ್ಯಾಯಮೂರ್ತಿ ಛಾಗ್ಲಾ ಆಯೋಗದ ವಿಚಾರಣೆ ನಡೆದು, 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ತಮ್ಮವರನ್ನೇ ಕೇಳುವ ಧೈರ್ಯ ಇಂದು ಎಷ್ಟು ಸಂಸದರಿಗಿದೆ? ವಿರೋಧ ಪಕ್ಷದವರೂ ತಪ್ಪಿನಿಂದ ಹೊರತಲ್ಲ. 2021ರ ಮುಂಗಾರು ಅಧಿವೇಶನದಲ್ಲಿ ಲೋಕಸಭೆ ನಡೆದದ್ದು ನಿಗದಿತ ಸಮಯದ ಶೇ. 22ರಷ್ಟು ಮಾತ್ರ. ಗದ್ದಲದಲ್ಲಿ ಮುಳುಗಿದ ಪ್ರಶ್ನೆಯಿಂದ ಅನುಕೂಲವಾಗುವುದು ಉತ್ತರ ಕೊಡಬೇಕಾದವನಿಗೇ.

2020ರ ಡಿಸೆಂಬರ್ 10ರಂದು ಹೊಸ ಸಂಸತ್ ಭವನದ ಶಂಕುಸ್ಥಾಪನೆಯಲ್ಲಿ ಪ್ರಧಾನಿಯವರು ಬಸವಣ್ಣನವರ ಅನುಭವ ಮಂಟಪವನ್ನು ಸ್ಮರಿಸಿದರು. ನಮ್ಮಲ್ಲಿ ಬಹಳ ಮಂದಿ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ ಅದೇ ತಿಂಗಳು ಚಳಿಗಾಲದ ಅಧಿವೇಶನವನ್ನು ನಡೆಸುವುದಿಲ್ಲವೆಂಬ ತೀರ್ಮಾನವೂ ಬಂತು. ಮಂಟಪಕ್ಕೆ ಕಲ್ಲು ಸಾಕಾಗದು. ಅಲ್ಲಮಪ್ರಭುಗಳ ಪ್ರಶ್ನೆಗಳನ್ನು ಎದುರಿಸಿಯೇ ಅಕ್ಕಮಹಾದೇವಿ ಆ ಮಂಟಪದಲ್ಲಿ ಸ್ಥಾನ ಪಡೆದಳು. ಭಂಡಾರಿ ಬಸವಣ್ಣನವರ ಮೇಲೆಯೇ ಬೊಕ್ಕಸದ ಹಣದ ದೂರು ಬಂದಾಗ ಅವರು ಸಿಟ್ಟಾಗದೆ ಲೆಕ್ಕ ತೋರಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಲೆಕ್ಕ ಕೇಳಿದವನು ವೈರಿಯಲ್ಲ ಎಂಬುದು ನಮಗೆ ಅಲ್ಲಿಂದ ಬಂದ ಪಾಠ.

ಈಗ ಬೆರಳನ್ನು ನಮ್ಮ ಕಡೆಗೇ ತಿರುಗಿಸೋಣ. ನಮ್ಮ ಊರುಗಳಲ್ಲಿ ಎಷ್ಟೊಂದು ಪತ್ತಿನ ಸಹಕಾರಿ ಸಂಘಗಳು, ಸೌಹಾರ್ದ ಸಂಘಗಳು! ಹಲವುಗಳ ಹೆಸರು ಶರಣರದು, ಆಡಳಿತ ನಮ್ಮವರದು. ಒಂದು ಮಾತನ್ನು ಎಲ್ಲ ಠೇವಣಿದಾರರು ತಿಳಿಯಬೇಕು: ಇವು ಬ್ಯಾಂಕುಗಳಲ್ಲ. ಮೇಲೆ ಹೇಳಿದ ಐದು ಲಕ್ಷದ ವಿಮೆ ಇವುಗಳಲ್ಲಿಟ್ಟ ಹಣಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ಠೇವಣಿದಾರನಿಗಿರುವ ರಕ್ಷಣೆ ಎಂದರೆ ಆಡಳಿತ ಮಂಡಳಿಯ ಪ್ರಾಮಾಣಿಕತೆ ಮತ್ತು ಸದಸ್ಯರ ಪ್ರಶ್ನೆ. ವಾರ್ಷಿಕ ಮಹಾಸಭೆಗೆ ಹೋಗುತ್ತೇವೆ, ಸಹಿ ಹಾಕುತ್ತೇವೆ, ಸ್ಟೀಲ್ ಡಬ್ಬಿ ಪಡೆಯುತ್ತೇವೆ, ಹೋಳಿಗೆ ಊಟ ಮಾಡಿ ಬರುತ್ತೇವೆ. ವರದಿಯ ಪುಸ್ತಕ ಮನೆಯ ಅಟ್ಟ ಸೇರುತ್ತದೆ. ವಸೂಲಾಗದ ಸಾಲ ಎಷ್ಟು, ನಿರ್ದೇಶಕರ ಬಂಧುಗಳಿಗೆ ಕೊಟ್ಟ ಸಾಲ ಎಷ್ಟು ಎಂದು ಎದ್ದು ಕೇಳುವವರು ಎಷ್ಟು ಜನ? ನಾನೂ ಹಲವು ವರ್ಷ ಹಾಗೆಯೇ ಉಂಡು ಬಂದವನು. ಪರಿಚಯದ ಸಂಘವೊಂದು ಮುಳುಗಿ, ಹಿರಿಯ ಸ್ನೇಹಿತರೊಬ್ಬರು ಔಷಧಕ್ಕೂ ಕೈಚಾಚಬೇಕಾಗಿ ಬಂದ ಮೇಲೆ ಕೇಳಲು ಕಲಿತೆ. ತಡವಾಯಿತು.

ಆದ್ದರಿಂದ ಓದುಗರಲ್ಲಿ ಎರಡು ಬಿನ್ನಹ. ಒಂದು, ಮುಂದಿನ ಮಹಾಸಭೆಯಲ್ಲಿ ನೀವು ಒಬ್ಬೊಬ್ಬರೂ ಒಂದು ಪ್ರಶ್ನೆಯನ್ನು ಬರೆದು ಕೊಡಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಲು ಹೇಳಿ. ಎರಡು, ಜಾತ್ರೆಗೆ, ಬಸವ ಜಯಂತಿಗೆ, ಮಠದ ವೇದಿಕೆಗೆ ಸಂಸದರು ಬರುತ್ತಾರೆ. ಶಾಲು ಹೊದಿಸಿ, ಹಾರ ಹಾಕಿ. ಜೊತೆಗೆ ಊರಿನ ಆಸ್ಪತ್ರೆಯ ಬಗ್ಗೆಯೋ ಬ್ಯಾಂಕಿನ ಬಗ್ಗೆಯೋ ಒಂದು ಪ್ರಶ್ನೆ ಬರೆದ ಹಾಳೆಯನ್ನೂ ಕೈಗಿಡಿ. ಯಾವ ಸಂಸದರು ಏನು ಕೇಳಿದರು ಎಂಬುದು ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಮುಂದಿನ ವರ್ಷ ಅವರು ಮತ್ತೆ ಬಂದಾಗ ಕೇಳಿ: "ಸಾಹೇಬ್ರೇ, ನಮ್ಮ ಪ್ರಶ್ನೆ ಏನಾಯ್ತು?"

ಪೂಜ್ಯರೂ ಆ ಮಾತಿಗೆ ದನಿಗೂಡಿಸಿದರೆ ನಮ್ಮ ಮಠಗಳ ಅಂಗಳ ಅನುಭವ ಮಂಟಪಕ್ಕೆ ಒಂದು ಹೆಜ್ಜೆ ಹತ್ತಿರವಾಗುತ್ತದೆ.